ಮಂಡಿಯ ಕೆಳಗಿನ ದಿಂಬು

ಕುದಿಯುವ ನೀರಿನಿಂದ ಕಂಬಳಿಯನ್ನೆತ್ತಿ ಹಿಂಡುವಾಗ ಏಳುವ ವಾಸನೆ ಇಂದಿನ ನಿಮಗೆ ಗೊತ್ತಿರಲಾರದು. ಮಳೆಯಲ್ಲಿ ನೆನೆದ ಕುರಿಮಂದೆ ಮಗ್ಗುಲಲ್ಲೇ ಹಾದುಹೋದ ಹಾಗಿರುತ್ತದೆ. ನಾನು ಕೆಲಸ ಕಲಿತದ್ದು ಆ ವಾಸನೆಯೊಳಗೆ. ನೀವು ಕಾಲೇಜಿನಲ್ಲಿ ವರ್ಷಗಟ್ಟಲೆ ಓದುವ ಫಿಜಿಯೋಥೆರಪಿಗೆ ಆಗ ಹಾಸನದ ಜನರ ಬಾಯಲ್ಲಿ ಹೆಸರೇ ಇರಲಿಲ್ಲ. ನಮ್ಮ ಕೋಣೆಯನ್ನು ಅವರು ಕಂಬಳಿ ರೂಮು ಎನ್ನುತ್ತಿದ್ದರು. 'ಕಂಬ್ಳಿ ರೂಮು ಎಲ್ಲೈತವ್ವಾ?' ಎಂದು ಬಾಗಿಲಲ್ಲಿ ಕೇಳಿಕೊಂಡು ಬರುತ್ತಿದ್ದರು. ಕೇಳದೆ ಮೂಗು ಎಳೆದ ಕಡೆ ನಡೆದಿದ್ದರೂ ಸಾಕಾಗಿತ್ತು.

ಹೋದ ತಿಂಗಳು ಈ ಓದಿನ ಹುಡುಗಿಯರಿಬ್ಬರು ಮನೆಗೆ ಬಂದು, 'ನಿಮ್ಮ ಕಾಲದಲ್ಲಿ ಕೆಲಸ ಹೇಗಿತ್ತು ಬರೆದುಕೊಡಿ ಅಜ್ಜಿ, ನಮ್ಮ ಜೊತೆಯವರೂ ಓದಲಿ' ಎಂದರು. ನಾನು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಬರೆಯುವ ಅಭ್ಯಾಸವೆಲ್ಲ ಆಸ್ಪತ್ರೆಯಲ್ಲಿ ಆದದ್ದು. ಅವರ ಕೈಯಲ್ಲಿದ್ದ ದಪ್ಪ ಪುಸ್ತಕವನ್ನು ಇಸಿದುಕೊಂಡು ಮಗುಚಿದೆ. ಒಂದು ಪುಟದ ತುಂಬ ಮಂಡಿಯ ಚಿತ್ರ, ಒಂದೊಂದು ನರಕ್ಕೂ ಒಂದೊಂದು ಬಣ್ಣ. ಇಷ್ಟೆಲ್ಲ ಒಂದು ಮಂಡಿಯೊಳಗೆ ಅಡಗಿದೆ ಎಂದು ಮೊದಲ ಸಲ ತಿಳಿದ ದಿನ ಮೈ ಜುಮ್ಮೆಂದದ್ದು ನೆನಪಾಯಿತು. ಅದರ ಹಿಂದೆಯೇ ಇನ್ನೊಂದೂ ನೆನಪಾಯಿತು. ಬರೆದರೆ ಅದನ್ನೂ ಬರೆಯಬೇಕು, ಇಲ್ಲದಿದ್ದರೆ ಸುಮ್ಮನಿರಬೇಕು ಎಂದುಕೊಂಡು ಒಪ್ಪಿದೆ. ಈ ಕೆಲಸದಲ್ಲಿ ನಾನು ಎಷ್ಟೋ ಮಂಡಿಗಳಿಗೆ ಆರೈಕೆ ಮಾಡಿದ್ದೇನೆ. ಒಂದು ಮಂಡಿಯನ್ನು ಕೆಡಿಸಿದ್ದೇನೆ. ಅದು ನನ್ನ ತಮ್ಮನದು.

ನಮ್ಮೂರು ಹಳ್ಳಿಮೈಸೂರು. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ತಮ್ಮ ಸಿದ್ದನಿಗೆ ಆಗ ನಾಲ್ಕು ವರ್ಷ, ನನಗೆ ಹದಿನಾರೋ ಹದಿನೇಳೋ. ಅವನಿಗೆ ಜ್ವರ ಬಂತು, ಬಿಟ್ಟಿತು. ಬಿಟ್ಟ ಬೆಳಿಗ್ಗೆ ಎದ್ದು ನಿಲ್ಲಲು ಹೋಗಿ ಬಿದ್ದ. ಎಡಗಾಲು ನೆನೆದ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಅಜ್ಜಿ ಹರಳೆಣ್ಣೆ ಕಾಯಿಸಿ ತಿಕ್ಕಿದಳು. ಅವನು ಕಿರುಚಿದ್ದಕ್ಕೆ ಬೀದಿಯ ಜನವೆಲ್ಲ ಬಂದು ನಿಂತರು. ಅವ್ವನ ಮಡಿಲಲ್ಲಿ ಕೈಗೂಸು, ಅಪ್ಪನಿಗೆ ಸುಗ್ಗಿಯ ಕಾಲ. ಸಿದ್ದನನ್ನು ಕಂಕುಳಲ್ಲಿ ಎತ್ತಿಕೊಂಡು ಹೊಳೆನರಸೀಪುರದ ಮೇಲೆ ಹಾಸನಕ್ಕೆ ಹೋಗುವ ಬಸ್ಸು ಹತ್ತಿದವಳು ನಾನು.

ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಅದು ಈಗ ಇಲ್ಲ. ಅಲ್ಲಿ ಮುತ್ತಮ್ಮ ಎಂಬುವರಿದ್ದರು. ಕೊಡಗಿನವರು, ಎತ್ತರದ ಆಳು, ಬೊಂಬಾಯಿಗೆ ಹೋಗಿ ಈ ವಿದ್ಯೆ ಕಲಿತು ಬಂದವರು. ಸಿದ್ದನನ್ನು ಮುಟ್ಟುವ ಮೊದಲು ಎರಡು ಅಂಗೈಗಳನ್ನೂ ಉಜ್ಜಿ ಬಿಸಿ ಮಾಡಿಕೊಂಡರು. ಮಗುವನ್ನು ಮುಟ್ಟಲು ಇಷ್ಟು ತಯಾರಿ ಬೇಕೆ ಎಂದು ನಾನು ನೋಡುತ್ತ ನಿಂತೆ.

'ಎಣ್ಣೆ ತಿಕ್ಕಿದಿರಾ?' ಎಂದರು.

'ಹೂಂ ಅಮ್ಮಾರೆ. ನಮ್ಮಜ್ಜಿ ತಿಕ್ಕುದ್ಲು.'

'ಇನ್ನು ಯಾರೂ ತಿಕ್ಕಬೇಡಿ. ಇದು ಪೋಲಿಯೋ. ಈ ಕಾಯಿಲೆಯಲ್ಲಿ ಮಾಂಸಖಂಡ ಹುಣ್ಣಿನ ಹಾಗಿರುತ್ತೆ. ಹೊದಿಕೆ ತಗುಲಿದರೂ ಸಂಕಟ.'

ಆಮೇಲೆ ಬಿಸಿ ಕಂಬಳಿಯ ಉಪಚಾರ ಶುರುವಾಯಿತು. ಕಂಬಳಿಯ ತುಂಡನ್ನು ಕುದಿಸಿ, ಒಂದು ಹನಿಯೂ ತೊಟ್ಟಿಕ್ಕದ ಹಾಗೆ ಹಿಂಡಿ, ತೊಡೆಗೆ ಮೀನಖಂಡಕ್ಕೆ ಸುತ್ತಬೇಕು. ಮಂಡಿಯ ಕೀಲನ್ನು ಮಾತ್ರ ಬಿಡಬೇಕು. ಹಿಂಡುವುದರಲ್ಲಿ ಸಡಿಲ ಬಿದ್ದರೆ ಮಗುವಿನ ಚರ್ಮ ಸುಡುತ್ತದೆ. ಮೊದಲಿದ್ದ ಆಯಾ ಕೈ ಸುಟ್ಟುಕೊಂಡು ಕೆಲಸ ಬಿಟ್ಟಿದ್ದಳು. ನಾನು ನನ್ನ ತಮ್ಮನ ಕಂಬಳಿಯನ್ನು ನಾನೇ ಹಿಂಡುತ್ತಿದ್ದೆ. ಮುತ್ತಮ್ಮನವರು ಒಂದು ವಾರ ನೋಡಿ, 'ಉಳಿದ ಮಕ್ಕಳದ್ದನ್ನೂ ಹಿಂಡುತ್ತೀಯಾ? ಸಂಬಳ ಕೊಡಿಸುತ್ತೇನೆ' ಎಂದರು. ಕೆಲಸಕ್ಕೆ ಸೇರಿದ್ದು ಹೀಗೆ. ಅರ್ಜಿ ಕೊಟ್ಟದ್ದೂ ಇಲ್ಲ, ಯಾರೂ ಕೇಳಿದ್ದೂ ಇಲ್ಲ.

ಆಸ್ಪತ್ರೆಯ ತೆಳು ಬ್ಲಾಂಕೆಟ್ಟು ಬೇಗ ಆರುತ್ತಿತ್ತು. ಮುತ್ತಮ್ಮನವರು ನನ್ನನ್ನು ಕರೆದುಕೊಂಡು ಚನ್ನರಾಯಪಟ್ಟಣದ ಸಂತೆಗೆ ಹೋಗಿ, ಕಂಬಳಿಗಳನ್ನೆಲ್ಲ ಕೆನ್ನೆಗೆ ಒತ್ತಿ ನೋಡಿ, ಒಳ್ಳೆಯದೊಂದನ್ನು ಆರಿಸಿದರು. ಅಳತೆ ಸರಿಹೋಗುತ್ತದೋ ನೋಡಲು ಅಲ್ಲೇ ಚೀಲದಿಂದ ಕತ್ತರಿ ತೆಗೆದರು. ನೇಯ್ದ ಮುದುಕ ಕಂಬಳಿಯ ಮೇಲೆ ಕೈ ಅಡ್ಡ ಇಟ್ಟ.

'ಕುಯ್ಬ್ಯಾಡಿ ಅಮ್ಮಾರೆ. ಮದ್ವೆಗೆ ಆಸೋ ಕಂಬ್ಳಿ ಅದು.'

'ಮಕ್ಕಳ ಕಾಲಿಗೆ ಸುತ್ತಬೇಕು ಅಜ್ಜ.'

'ಯಾರ ಮಕ್ಳು?'

'ನಡೆಯೋಕೆ ಆಗದೆ ಇರೋ ಮಕ್ಕಳು.'

ಮುದುಕ ಕತ್ತರಿಯನ್ನು ತಾನೇ ಇಸಿದುಕೊಂಡ. 'ನೀವು ಕುಯ್ದ್ರೆ ನೂಲು ಬಿಟ್ಕತದೆ. ಏಟುದ್ದ ಏಳಿ' ಎಂದು, ಮುಖ ಆಚೆ ತಿರುಗಿಸಿಕೊಂಡೇ ಕತ್ತರಿಸಿದ.

ಮೈ ಜುಮ್ಮೆಂದಿತು ಎಂದೆನಲ್ಲ, ಅದನ್ನು ಹೇಳುತ್ತೇನೆ. ನೋವು ಇಳಿದ ಮೇಲೆ ಒಂದು ಬೆಳಿಗ್ಗೆ ಮುತ್ತಮ್ಮನವರು ನನ್ನ ಬೆರಳನ್ನು ಹಿಡಿದು ಸಿದ್ದನ ತೊಡೆಯ ಮೇಲೆ, ಮಂಡಿಚಿಪ್ಪಿಗಿಂತ ಸ್ವಲ್ಪ ಮೇಲೆ ಇಟ್ಟರು. 'ಸಿದ್ದಾ, ಚಿಪ್ಪನ್ನು ನಿನ್ನ ಹೊಟ್ಟೆ ಕಡೆಗೆ ಎಳೆದುಕೊ ನೋಡೋಣ' ಎಂದರು. ಅವನು ಹಲ್ಲು ಕಚ್ಚಿ ಎಳೆದ. ಕಾಲು ಕದಲಲಿಲ್ಲ. ಕಣ್ಣಿಗೆ ಏನೂ ಕಾಣಲಿಲ್ಲ. ಆದರೆ ನನ್ನ ಬೆರಳಿನ ಕೆಳಗೆ, ಮೊಟ್ಟೆಯೊಳಗೆ ಮರಿ ಕೊಕ್ಕು ತಾಗಿಸಿದ ಹಾಗೆ, ಏನೋ ಮಿಡಿಯಿತು. ನಾನು ಬೆಚ್ಚಿ ಕೈ ತೆಗೆದುಬಿಟ್ಟೆ.

'ಸಿಕ್ಕಿತಾ?' ಎಂದು ಮುತ್ತಮ್ಮನವರು ನಕ್ಕರು. 'ಇದಕ್ಕೆ ನಾವು ಒಂದು ಎನ್ನುತ್ತೇವೆ. ಸತ್ತ ಮಾಂಸಖಂಡಕ್ಕೆ ಸೊನ್ನೆ, ಗಟ್ಟಿಯಾಗಿ ಇರುವುದಕ್ಕೆ ಐದು. ಸೊನ್ನೆಗೂ ಒಂದಕ್ಕೂ ನಡುವೆ ಇರೋ ದೂರ, ಒಂದಕ್ಕೂ ಐದಕ್ಕೂ ನಡುವೆ ಇಲ್ಲ.'

ಆಮೇಲೆ ಇಡೀ ಜೀವಮಾನ ಎಷ್ಟೋ ಸಾವಿರ ಸಲ ಹಾಗೆ ಬೆರಳಿಟ್ಟಿದ್ದೇನೆ. ಒಂದು ಸಲವೂ ಅದು ನನಗೆ ಹಳತಾಗಲಿಲ್ಲ.

ಅವರು ಬೊಂಬಾಯಿಯಲ್ಲಿ ಕಲಿತದ್ದನ್ನು ಕಂಬಳಿ ಕುದಿಯುವ ಹೊತ್ತಿನಲ್ಲಿ ಕಥೆಯ ಹಾಗೆ ಹೇಳುತ್ತಿದ್ದರು. ಮೊದಲು ಮೂಳೆಗಳಂತೆ. ಕಣ್ಣು ಮುಚ್ಚಿ ಚೀಲದೊಳಗೆ ಕೈ ಹಾಕಿ, ಸಿಕ್ಕಿದ ಮೂಳೆ ಎಡದ್ದೋ ಬಲದ್ದೋ ಹೇಳಬೇಕಂತೆ. ಆಮೇಲೆ ಸತ್ತವರ ದೇಹದ ಮುಂದೆ ನಿಲ್ಲುವುದು. ಮೊದಲ ದಿನ ವಾಂತಿ ಮಾಡಿಕೊಂಡವರೇ ಕೆಲವು ದಿನಗಳಲ್ಲಿ ಊಟ ಮರೆತು ಅಲ್ಲೇ ನಿಲ್ಲುತ್ತಿದ್ದರಂತೆ. 'ಅಂಗೈಯಲ್ಲಿ ಬೆರಳು ಮಡಿಸೋ ದಾರಗಳು ಮೊಣಕೈಯಿಂದ ಬರುತ್ತವೆ ನಿಂಗಮ್ಮ. ಒಂದು ದಾರ ಇನ್ನೊಂದರ ನಡುವೆ ಸೀಳಿಕೊಂಡು ತೂರಿ ಹೋಗಿರುತ್ತೆ. ಅದನ್ನು ನೋಡಿದ ದಿನ ನಾನು ನನ್ನ ಕೈಯನ್ನೇ ಮುಟ್ಟಿಕೊಳ್ಳಲು ಹೆದರಿದೆ' ಎಂದರು. ನಾನೂ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು, ಮುಷ್ಟಿ ಬಿಗಿದು ಬಿಟ್ಟು ನೋಡಿದೆ. ದಾರಗಳು ಮೊಣಕೈಯ ಹತ್ತಿರ ಎದ್ದು ಮಲಗಿದವು. ಇಷ್ಟು ವರ್ಷ ರಾಗಿ ಬೀಸಿದ ಕೈಯೊಳಗೆ ಇಂಥದ್ದಿತ್ತು, ನನಗೆ ಗೊತ್ತಿರಲಿಲ್ಲ.

ಇನ್ನೊಂದು ಮಾತನ್ನೂ ಅವರು ಹೇಳಿದ್ದರು. ಆ ಕಾಲೇಜಿನಲ್ಲಿ ಒಬ್ಬ ವಿದ್ಯಾರ್ಥಿ ಇನ್ನೊಬ್ಬರಿಗೆ ರೋಗಿಯಾಗಿ ಮಲಗಬೇಕು. ಒಂದು ದಿನ ಪೂರ್ತಿ ಕಾಲಿಗೆ ಹಲಗೆ ಕಟ್ಟಿಸಿಕೊಂಡು ಮಲಗಬೇಕು, ಊಟವೂ ಅಲ್ಲೇ. ಆಗ ನಾನು ಅದನ್ನು ತಮಾಷೆ ಎಂದುಕೊಂಡು ನಕ್ಕೆ. ಓದಿದವರ ಆಟ ಎಂದುಕೊಂಡೆ.

ಈಗ ಹಲಗೆಯ ವಿಷಯ. ಕಂಬಳಿ ತೆಗೆದ ಮೇಲೆ ಕಾಲನ್ನು ನೇರವಾಗಿ ಚಾಚಿ, ಹಿಂದೆ ಹಲಗೆ ಇಟ್ಟು, ಬಟ್ಟೆಯ ಪಟ್ಟಿಯಲ್ಲಿ ಕಟ್ಟುತ್ತಿದ್ದೆವು. ಮುತ್ತಮ್ಮನವರ ಕಟ್ಟಪ್ಪಣೆ ಒಂದೇ: ಮಂಡಿಯ ಕೆಳಗೆ ದಿಂಬು ಇಡಬಾರದು. ಮಂಡಿ ಸ್ವಲ್ಪ ಮಡಿಸಿದರೆ ನೋವು ಇಳಿಯುತ್ತದೆ, ಮಗು ಅದನ್ನೇ ಬೇಡುತ್ತದೆ. ಹಾಗೆ ಬಿಟ್ಟರೆ ಮಂಡಿಯ ಹಿಂದಿನ ದಾರಗಳು ಮೋಟಾಗಿ, ಕಾಲು ಮಡಿಸಿದ ಹಾಗೇ ನಿಂತುಬಿಡುತ್ತದೆ. ಆಮೇಲೆ ಶಕ್ತಿ ಬಂದರೂ ಆ ಕಾಲು ಊರಲು ಬರುವುದಿಲ್ಲ.

ಈ ನಿಯಮ ಕಾಯುವ ಕೆಲಸ ನನ್ನದು. ಅರಕಲಗೂಡಿನ ಕಡೆಯ ದೇವೀರಮ್ಮ ಎಂಬಾಕೆ, ಮಗಳು ಗೌರಿಯ ಮಂಡಿಯ ಕೆಳಗೆ ತನ್ನ ಸೀರೆಯನ್ನು ಸುತ್ತಿ ಇಟ್ಟಿದ್ದಳು. ಎಲ್ಲರ ಮುಂದೆ ನಾನು ಅದನ್ನು ಕಿತ್ತೆಳೆದೆ. 'ಮಗ್ಳು ಕುಂಟಿ ಆಗ್ಬೇಕಾ ನಿಂಗೆ? ಕಲ್ಲುಗುಂಡಿಗೆ ಮಾಡ್ಕೊಂಡು ಕೂತ್ಕೊ' ಎಂದೆ. ಅವಳು ನನ್ನ ತಾಯಿಯ ವಯಸ್ಸಿನವಳು. ಸೀರೆ ಮಡಿಸಿಟ್ಟುಕೊಂಡಳು. ಗೌರಿ ಎಷ್ಟು ಅತ್ತರೂ ಮತ್ತೆ ಇಡಲಿಲ್ಲ.

ಅದೇ ದಿನ ಮಧ್ಯಾಹ್ನ ಮುತ್ತಮ್ಮನವರು ಊಟಕ್ಕೆ ಹೋದ ಮೇಲೆ, ನನ್ನ ತಮ್ಮ ನನ್ನ ಸೆರಗು ಹಿಡಿದುಕೊಂಡ.

'ಅಕ್ಕಾ, ಒಂಚೂರು ಎತ್ತಿಕ್ಕು.'

'ಆಗಕ್ಕಿಲ್ಲ ಕಣಪ್ಪ. ಅಮ್ಮಾರು ಬೈತಾರೆ.'

'ಅಮ್ಮಾರು ಇಲ್ವಲ್ಲ. ಒಂಚೂರಕ್ಕಾ. ಅವ್ವ ಆಗಿದ್ರೆ ಇಕ್ತಿದ್ಲು.'

ಆ ಮಾತಿಗೆ ನಾನು ಸೋತೆ. ಪಟ್ಟಿ ಸಡಿಲಿಸಿ, ಹಲಗೆ ಸರಿಸಿ, ನನ್ನ ತಲೆದಿಂಬನ್ನು ಅವನ ಮಂಡಿಯ ಕೆಳಗೆ ಇಟ್ಟೆ. ಅವನ ಮುಖದ ಗಂಟು ಬಿಚ್ಚಿತು. ಅಷ್ಟರಲ್ಲೇ ನಿದ್ದೆ ಹೋದ. ಅವನಿಗೆ ಒಳ್ಳೆಯದು ಮಾಡಿದೆ ಎಂದೇ ಅನ್ನಿಸಿತು. ಮುತ್ತಮ್ಮನವರ ಚಪ್ಪಲಿಯ ಸದ್ದು ಕೇಳಿದಾಗ ದಿಂಬು ತೆಗೆದು ಕಟ್ಟಿದೆ. ಮಾರನೆಯ ದಿನವೂ ಹಾಗೇ ಮಾಡಿದೆ. ಆಮೇಲೆ ಸಂಜೆ ಅವರು ಮನೆಗೆ ಹೋದರೆ ಬೆಳಿಗ್ಗೆ ಬರುವ ತನಕವೂ ದಿಂಬು ಅಲ್ಲೇ ಇರುತ್ತಿತ್ತು. ಬೇರೆ ಮಕ್ಕಳ ಮಂಚದ ಬಳಿ ಮಾತ್ರ ನಾನು ಪೊಲೀಸಿನವರ ಹಾಗೆ ತಿರುಗುತ್ತಿದ್ದೆ.

ಕೆಲವು ವಾರಗಳು ಕಳೆದವು. ಮುತ್ತಮ್ಮನವರು ಮಕ್ಕಳನ್ನು ನೋಡುವಾಗ ಮಂಡಿಗೂ ಹಾಸಿಗೆಗೂ ನಡುವೆ ಕೈ ತೂರಿಸಿ ನೋಡುತ್ತಿದ್ದರು. ಮೊದಲೆಲ್ಲ ಸಿದ್ದನ ಮಂಡಿಯ ಕೆಳಗೆ ಅವರ ಅಂಗೈ ಹೋಗುತ್ತಿರಲಿಲ್ಲ. ಆ ದಿನ ಮುಷ್ಟಿ ಹೋಯಿತು. ಮಂಡಿಯನ್ನು ಮೆಲ್ಲಗೆ ಒತ್ತಿದರು. ಅದು ಇಳಿಯಲಿಲ್ಲ.

'ನಿಂಗಮ್ಮ, ಹಲಗೆ ಯಾವಾಗಲೂ ಕಟ್ಟಿರುತ್ತೆ ತಾನೆ?'

'ಹೂಂ ಅಮ್ಮಾರೆ.'

'ದಿಂಬು?'

'ಇಲ್ಲ ಅಮ್ಮಾರೆ.'

ಅವರು ನನ್ನ ಮುಖ ನೋಡಿದರು, ನಂಬಿದರು. ಬೇರೆ ಯಾರಾದರೂ ಹೇಳಿದ್ದರೆ ನಂಬುತ್ತಿದ್ದರೋ ಇಲ್ಲವೋ, ನನ್ನನ್ನು ನಂಬಿದರು. ಆಮೇಲೆ ಅವರು ಹೇಳಿದ್ದನ್ನು ನಾನು ಮರೆತಿಲ್ಲ. 'ಇಷ್ಟು ಜೋಪಾನ ಮಾಡಿದ ಕಾಲೇ ಮಡಿಸಿಕೊಂಡಿದೆ ಎಂದರೆ ಹಲಗೆ ಸಾಲದು ಅಂತಾಯಿತು. ನನ್ನ ಲೆಕ್ಕ ತಪ್ಪಿದೆ. ಇನ್ನು ಎಲ್ಲ ಮಕ್ಕಳಿಗೂ ಪ್ಲಾಸ್ಟರ್ ಹಾಕೋಣ.'

ಹಾಗೆ ನನ್ನ ಒಂದು ಸುಳ್ಳು ಆ ವಾರ್ಡಿನ ಚಿಕಿತ್ಸೆಯಾಯಿತು. ಸೊಂಟದ ಕೆಳಗಿನಿಂದ ಹಿಮ್ಮಡಿಯವರೆಗೆ ಬಿಳಿ ಕಟ್ಟು. ಬೇಸಿಗೆ. ಮಕ್ಕಳು ಒಳಗೆ ಬೆವರಿ, ತುರಿಸಿಕೊಳ್ಳಲಾಗದೆ ಒದ್ದಾಡಿದವು. ಪೊರಕೆ ಕಡ್ಡಿ ತೂರಿಸಿ ಕೆರೆದುಕೊಂಡವು. ಹಲಗೆಯಲ್ಲೇ ನೇರವಾಗಿದ್ದ ಗೌರಿಯ ಕಾಲಿಗೂ ಪ್ಲಾಸ್ಟರ್ ಬಿತ್ತು. 'ಇಮ್ಮಡಿ ಉರೀತೈತೆ ಅಕ್ಕಾ' ಎಂದು ಅವಳು ದಿನಾ ಹೇಳುತ್ತಿದ್ದಳು. ಎಲ್ಲ ಮಕ್ಕಳೂ ಏನಾದರೊಂದು ಹೇಳುತ್ತಿದ್ದವು. ಆಮೇಲೆ ಒಂದು ಬೆಳಿಗ್ಗೆ ಕಂಬಳಿಯ ವಾಸನೆಯ ನಡುವೆ ಇನ್ನೊಂದು ವಾಸನೆ ಬಂತು. ಗೌರಿಯ ಪ್ಲಾಸ್ಟರ್ ಬಿಚ್ಚಿದರೆ ಹಿಮ್ಮಡಿಯ ಚರ್ಮ ಕೊಳೆತು ಕೆಂಪು ಗುಳಿ ಬಿದ್ದಿತ್ತು. ಮುತ್ತಮ್ಮನವರು ಅಂಗೈ ಉಜ್ಜಿ ಬಿಸಿ ಮಾಡಿಕೊಂಡು ಗಾಯ ತೊಳೆದರು.

ನಾನು ಅವರ ಹಿಂದೆಯೇ ಕಂಬಳಿ ಕುದಿಸುವ ಕೋಣೆಗೆ ಹೋಗಿ ಹೇಳಿದೆ.

'ನಾನು ದಿಂಬು ಇಕ್ತಿದ್ದೆ ಅಮ್ಮಾರೆ. ಸಿದ್ದನ ಮಂಡಿಗೆ.'

ಅವರು ಸೀಮೆಎಣ್ಣೆ ಒಲೆಯನ್ನು ಆರಿಸಿದರು. 'ಯಾವಾಗ?'

'ನೀವು ಊಟಕ್ಕೆ ಓದಾಗ. ಸಂಜೆ ಮನೆಗೋದ್ರೆ ಬೆಳಗ್ಗೆ ಬರೋಗಂಟ.'

'ಅಂದರೆ ನಾನು ಇಲ್ಲದಾಗೆಲ್ಲ.'

'ಹೂಂ.'

'ನಾನು ಕೇಳಿದೆ ನಿನ್ನನ್ನು.'

'ಕೇಳುದ್ರಿ. ಸುಳ್ಳೇಳ್ದೆ.'

ಬೈಯುತ್ತಾರೆ, ಕೆಲಸದಿಂದ ತೆಗೆಯುತ್ತಾರೆ ಎಂದು ಕಾದೆ. ಅವರು ಮೂಲೆಯಲ್ಲಿದ್ದ ದೊಡ್ಡ ಕತ್ತರಿಯನ್ನು ತೆಗೆದು ನನ್ನ ಕೈಗೆ ಕೊಟ್ಟರು. 'ಬಾ, ಎಲ್ಲ ಮಕ್ಕಳದ್ದೂ ಬಿಚ್ಚೋಣ' ಎಂದರು. ಮಧ್ಯಾಹ್ನದವರೆಗೂ ಬಿಚ್ಚಿದೆವು. ಸಿದ್ದನ ಕಟ್ಟನ್ನು ಮಾತ್ರ ಉಳಿಸಿದರು. ಅವನಿಗೆ ಈಗ ಅದು ನಿಜವಾಗಿಯೂ ಬೇಕಾಗಿತ್ತು. ಪ್ರತಿ ತಾಯಿಯ ಮುಂದೆಯೂ ನಾನೇ ಕಾರಣ ಹೇಳಬೇಕಾಯಿತು. ದೇವೀರಮ್ಮ ಕೇಳಿಸಿಕೊಂಡು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

'ಎಲ್ರ ಮುಂದೆ ನನ್ನ ಸೀರೆ ಕಿತ್ತೆಸೆದೆಯಲ್ಲವ್ವಾ. ಕಲ್ಲುಗುಂಡಿಗೆ ಮಾಡ್ಕೊ ಅಂದೆ. ನಾ ಮಾಡ್ಕಂಡೆ. ನಿನ್ ಗುಂಡಿಗೆ ಎಲ್ಲಿಗೋಗಿತ್ತು?'

ಆಮೇಲೆ ಗೌರಿಯ ಗಾಯ ಕಟ್ಟಲು ಅವಳು ನನ್ನನ್ನು ಬಿಡಲಿಲ್ಲ.

ಮಾರನೆಯ ದಿನ ಮುತ್ತಮ್ಮನವರು ಖಾಲಿ ಮಂಚ ತೋರಿಸಿ, 'ಮಲಗು' ಎಂದರು. ನನ್ನ ಎರಡೂ ಕಾಲಿಗೆ ಹಲಗೆ ಕಟ್ಟಿದರು. 'ಬೊಂಬಾಯಿಯಲ್ಲಿ ನಾವು ಇದನ್ನು ಮಾಡಿದ ಮೇಲೆಯೇ ರೋಗಿಗಳ ಹತ್ತಿರ ಬಿಡುತ್ತಿದ್ದದ್ದು. ನಿನಗೆ ಕಂಬಳಿ ಹಿಂಡುವುದು ಕಲಿಸಿದೆ, ಕಟ್ಟುವುದು ಕಲಿಸಿದೆ, ಇದನ್ನು ಕಲಿಸಲಿಲ್ಲ. ಅದು ನನ್ನ ತಪ್ಪು' ಎಂದರು. ಇದು ಶಿಕ್ಷೆಯಲ್ಲ, ಪಾಠ ಎಂದು ಎರಡು ಸಲ ಹೇಳಿದರು.

ಬೆಳಿಗ್ಗೆ ಹಗುರವಾಗಿಯೇ ಇದ್ದೆ, ಮಕ್ಕಳು ನನ್ನನ್ನು ನೋಡಿ ನಗುತ್ತಿದ್ದವು. ಬಿಸಿಲೇರಿದ ಹಾಗೆ ಮಂಡಿಯ ಹಿಂದೆ ಸಣ್ಣ ಎಳೆತ ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಮೈಯೆಲ್ಲ ಮಂಡಿಯೇ ಆಗಿತ್ತು. ಕಾಯಿಲೆಯಿಲ್ಲದ, ಗಟ್ಟಿ ಕಾಲು ನನ್ನದು. ಆದರೂ ಒಂದು ಮಡಿಕೆ ಬಟ್ಟೆ ಯಾರಾದರೂ ಕೆಳಗೆ ಸೇರಿಸಿದರೆ ಅವರ ಕಾಲಿಗೆ ಬೀಳುತ್ತಿದ್ದೆ. ಸಿದ್ದ ಪಕ್ಕದ ಮಂಚದಿಂದ ಕೇಳಿದ, 'ಅಕ್ಕಾ, ನೋಯ್ತೈತಾ? ದಿಂಬು ಇಕ್ಕಕ್ಕೆ ಏಳ್ಲಾ?'

ಬೇಡ ಎಂದೆ. ಮೈ ತನ್ನನ್ನು ಕೆಡಿಸುವುದನ್ನೇ ಇಷ್ಟು ಅಕ್ಕರೆಯಿಂದ ಬೇಡುತ್ತದೆ ಎಂಬುದು ನನಗೆ ಆ ಮಂಚದ ಮೇಲೆ ತಿಳಿಯಿತು. ಬೇಡುವವನು ಸುಳ್ಳು ಹೇಳುತ್ತಿರಲಿಲ್ಲ. ಅವನ ನೋವು ನಿಜ. ನಿಜವಾದ ನೋವಿನ ಪಕ್ಕದಲ್ಲಿ ಕೂತು ಇಲ್ಲ ಎನ್ನುವುದೇ ಈ ವಿದ್ಯೆಯ ಅರ್ಧ ಭಾಗ. ನಿಮಗೆ ಇದನ್ನು ಯಾವ ವರ್ಷದಲ್ಲಿ ಕಲಿಸುತ್ತಾರೋ ನನಗೆ ಗೊತ್ತಿಲ್ಲ.

ಸಿದ್ದನ ಪ್ಲಾಸ್ಟರ್ ತೆಗೆದ ಮೇಲೆ ಮಂಡಿಯನ್ನು ದಿನವೂ ಎಳೆದು ನೇರ ಮಾಡುವ ಕೆಲಸವನ್ನು ಮುತ್ತಮ್ಮನವರು ನನಗೇ ಕೊಟ್ಟರು. ಅವನ ತೊಡೆಯನ್ನು ಒಂದು ಕೈಯಲ್ಲಿ ಅದುಮಿ, ಹಿಮ್ಮಡಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು, ನಿಧಾನವಾಗಿ, ಜಗ್ಗದೆ, ಬಿಡದೆ. ಅವನು ಅಳುತ್ತಿದ್ದ. 'ನೀ ನಮ್ಮಕ್ಕ ಅಲ್ಲ, ಓಗು' ಎನ್ನುತ್ತಿದ್ದ. ಊರಿನಿಂದ ಬಂದ ಅವ್ವ ಅದನ್ನು ನೋಡಿ, 'ಲೇ ನಿಂಗಿ, ಬುಡೇ, ಮಗೀನ ಕೊಂದ್ಬುಟ್ಟೀಯ' ಎಂದು ನನ್ನ ಬೆನ್ನಿಗೆ ಗುದ್ದಿದಳು. ನಾನು ಕೈ ಬಿಡಲಿಲ್ಲ. ಅಳುವನ್ನು ಕೇಳಲಾರದೆ ಮಡಿಸಿದ ಕಾಲನ್ನು ಅಳಿಸಿ ನೇರ ಮಾಡಬೇಕಾಗಿತ್ತು. ಮಂಡಿ ಮುಕ್ಕಾಲುಪಾಲು ಬಂತು. ಉಳಿದದ್ದು ಬರಲಿಲ್ಲ. ಈಗಲೂ ಅವನು ಅಂಗಾತ ಮಲಗಿದರೆ ಎಡಮಂಡಿಯ ಕೆಳಗೆ ನನ್ನ ಅಂಗೈ ತೂರುತ್ತದೆ.

ಕಬ್ಬಿಣದ ಸರಳು, ತೊಗಲಿನ ಪಟ್ಟಿ, ಬೂಟು ಸೇರಿದ ಕ್ಯಾಲಿಪರ್ ತೊಟ್ಟು ಅವನು ನಿಂತ ದಿನ ವಾರ್ಡಿನ ತಾಯಂದಿರೆಲ್ಲ ಕೆಲಸ ಬಿಟ್ಟು ನೋಡಿದರು. ಗೋಡೆ ಹಿಡಿದು ಬಾಗಿಲವರೆಗೆ ಹೋಗಿ, ತಿರುಗಿ, 'ಬಸ್ಸು ಎಲ್ಲಿ ನಿಲ್ತದೆ?' ಎಂದು ಕೇಳಿದ.

ಆಮೇಲಿನ ವರ್ಷಗಳಲ್ಲಿ ನಮ್ಮ ಕೋಣೆಗೆ ಶಾಖ ಕೊಡುವ ಕರೆಂಟಿನ ಪೆಟ್ಟಿಗೆ ಬಂತು, ಕಂಬಳಿ ಮೆಲ್ಲಮೆಲ್ಲಗೆ ಹಿಂದೆ ಸರಿಯಿತು. ಹಿರೀಸಾವೆಯ ರಂಗೇಗೌಡರು ಎಂಬ ಹೋಟೆಲಿನವರು ಮೊಣಕೈ ಮುರಿದುಕೊಂಡು ಬಂದರು. ಮೂಳೆ ಕೂಡಿತ್ತು, ಕೈ ಚಾಚಲು ಬರುತ್ತಿರಲಿಲ್ಲ. ಮರಳಿನ ಚೀಲ ಹಿಡಿಸಿದರೆ, 'ನಾನೇನು ಕೂಲಿಯವ್ನಾ?' ಎಂದು ಮುನಿಸಿಕೊಂಡರು. ಮುತ್ತಮ್ಮನವರು ಎರಡು ಲೋಟ, ಒಂದು ಚೊಂಬು ನೀರು ತರಿಸಿ, 'ಗೌಡರೆ, ಕಾಫಿ ಆರಿಸಿ ತೋರಿಸಿ' ಎಂದರು. ಗೌಡರ ಕೈ ತಾನಾಗಿ ಮೇಲೇರಿತು, ನೀರು ಉದ್ದಕ್ಕೆ ಇಳಿಯಿತು. ಅವರಿಗೇ ಗೊತ್ತಿಲ್ಲದೆ ಮೊಣಕೈ ದಿನದಿನಕ್ಕೆ ಬಿಚ್ಚಿಕೊಂಡಿತು. 'ಎಲ್ಲಾ ಸರಿ ಅಮ್ಮಾರೆ, ಬರೀ ನೀರು ಆರ್ಸಿ ಆರ್ಸಿ ನನ್ನ ಮರ್ವಾದೆ ಓಯ್ತು' ಎಂದು ಹೋಗುವ ದಿನ ನಿಜವಾದ ಕಾಫಿ ತಂದು ಎಲ್ಲರಿಗೂ ಆರಿಸಿ ಕೊಟ್ಟರು.

ಬೊಂಬಾಯಿಯಿಂದ ಓದುವ ಹುಡುಗಿಯರಿಬ್ಬರು ಹಳ್ಳಿಯ ಮಕ್ಕಳನ್ನು ನೋಡಲು ಬಂದಾಗ ಮುತ್ತಮ್ಮನವರು ಅವರನ್ನೂ, ನನ್ನನ್ನೂ, ಸಿದ್ದನನ್ನೂ ಕೊರವಂಗಲಕ್ಕೆ ಕರೆದೊಯ್ದರು. ಗುಡಿಯ ಗೋಡೆಯಲ್ಲಿ ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತ ಹೆಣ್ಣಿನ ಶಿಲ್ಪವಿತ್ತು. 'ಭಾರ ಬಿದ್ದ ಕಡೆ ಸೊಂಟ ಎದ್ದಿದೆ, ಈ ಕಡೆ ಇಳಿದಿದೆ. ಹೆಗಲು ಅದಕ್ಕೆ ಎದುರಾಗಿ ವಾಲಿದೆ. ನೀವು ಎರಡನೇ ವರ್ಷದಲ್ಲಿ ಬಾಯಿಪಾಠ ಮಾಡಿದ್ದು ಇದೇ ತಾನೆ? ಕೆತ್ತಿದವನು ಯಾರ ದೇಹವನ್ನೂ ಕುಯ್ದಿರಲಿಲ್ಲ, ನೋಡಿದ್ದ ಅಷ್ಟೆ' ಎಂದರು. ನಾನು ಕಲ್ಲಿನ ಸೊಂಟ ಮುಟ್ಟಿದೆ, ಒಳಗೆ ಮಾಂಸಖಂಡ ಬಿಗಿದಿರಬಹುದು ಅನ್ನಿಸಿತು. ಸಿದ್ದ ಕ್ಯಾಲಿಪರಿನ ಕಾಲನ್ನು ಸಡಿಲ ಬಿಟ್ಟು, ಬಲಗಾಲ ಮೇಲೆ ವಾಲಿ, 'ನಾನೂ ಅಂಗೇ ನಿಂತಿವ್ನಿ, ನನ್ನೂ ಕೆತ್ತುಸ್ರಿ' ಎಂದ. ಎಲ್ಲರೂ ನಕ್ಕೆವು.

ವಾಪಸು ಬಂದ ಮೇಲೆ ಅವರು ಆ ಹುಡುಗಿಯರಿಗೆ ಪಾಠ ಹೇಳುತ್ತಿದ್ದರು. 'ಮೂಳೆ ಕಲಿತಿರಿ, ನರ ಕಲಿತಿರಿ. ಮನೆಯವರನ್ನು ಕೇಳುವುದು ಕಲಿತಿರಾ? ಇಲ್ಲಿ ಒಬ್ಬ ಅಕ್ಕ ಇದ್ದಳು. ತಮ್ಮನ ಅಳು ತಡೆಯಲಾರದೆ ದಿಂಬು ಇಟ್ಟಳು. ನಾನು, ದಿಂಬು ಇಡುತ್ತೀಯಾ ಎಂದು ಕೇಳಿದೆ. ಹಾಗೆ ಕೇಳಿದರೆ ಯಾರು ಹೂಂ ಎನ್ನುತ್ತಾರೆ? ರಾತ್ರಿ ಅವನು ಅತ್ತಾಗ ಏನು ಮಾಡುತ್ತೀಯ ಎಂದು ಕೇಳಬೇಕಿತ್ತು.' ನಾನು ಅಲ್ಲೇ ಕಂಬಳಿ ಹಿಂಡುತ್ತಿದ್ದೆ. ಅವರು ನನ್ನ ಕಡೆ ತಿರುಗಲಿಲ್ಲ. ಹೆಸರನ್ನೂ ಹೇಳಲಿಲ್ಲ. ತಪ್ಪಿನ ಅರ್ಧವನ್ನು ತಮ್ಮ ತಲೆಗೆ ಎಳೆದುಕೊಂಡ ಅವರ ದೊಡ್ಡತನಕ್ಕೆ ನಾನು ಇವತ್ತಿಗೂ ತಲೆ ಬಾಗುತ್ತೇನೆ.

ಆದರೆ ಮುತ್ತಮ್ಮನವರಿಗೆ ಹೇಳಿದ್ದನ್ನು, ವಾರ್ಡಿನ ತಾಯಂದಿರಿಗೆ ಹೇಳಿದ್ದನ್ನು ನಾನು ಸಿದ್ದನಿಗೆ ಹೇಳಲಿಲ್ಲ. ಅವನಿಗೆ ದಿಂಬು ನೆನಪಿರಲಿಲ್ಲ. ಎಳೆದದ್ದು ನೆನಪಿತ್ತು. ಹೊಳೆನರಸೀಪುರದಲ್ಲಿ ಸೈಕಲ್ ಅಂಗಡಿ ಇಟ್ಟು, ಮದುವೆಯಾಗಿ, ಮಕ್ಕಳು ಮೊಮ್ಮಕ್ಕಳಾದ ಮೇಲೂ ಅವನು ಬಂದವರಿಗೆಲ್ಲ ಹೇಳುತ್ತಿದ್ದ: 'ನಮ್ಮಕ್ಕ ದಿನಾ ಅಳ್ಸಿ ಅಳ್ಸಿ ನನ್ ಕಾಲು ನಿಲ್ಸುದ್ಲು. ಅವ್ವ ಒಡುದ್ರೂ ಬುಡ್ಲಿಲ್ಲ.' ನಾನು ಪಕ್ಕದಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆ. ಮಡಿಸಿದವಳೂ ನಾನೇ ಎಂದು ಹೇಳಲು ಪ್ರತಿ ಸಲ ಬಾಯಿ ತೆರೆದು, ಪ್ರತಿ ಸಲ ಕಾಫಿ ಗುಟುಕರಿಸಿದೆ.

ಇಲ್ಲಿಯವರೆಗೆ ಬರೆದು ಹಾಳೆಗಳನ್ನು ಹಿಡಿದುಕೊಂಡು ಹೊಳೆನರಸೀಪುರಕ್ಕೆ ಹೋದೆ. ಅವನು ಓದುವ ಮೊದಲು ಇದು ಬೇರೆಯವರ ಕೈಗೆ ಹೋಗಬಾರದು ಎನಿಸಿತು. ಸಿದ್ದ ಅಂಗಡಿಯ ಹಿಂದಿನ ಕೋಣೆಯಲ್ಲಿ ಬೆಂಚಿನ ಮೇಲೆ ಕಾಲು ಚಾಚಿದ್ದ. ವಯಸ್ಸಾದ ಮೇಲೆ ಆ ಮಂಡಿ ಮತ್ತೆ ನೋಯುತ್ತದೆ, ಕೆಳಗೆ ಒಂದು ದಿಂಬು ಇಟ್ಟುಕೊಂಡಿರುತ್ತಾನೆ. ಈಗ ಅದರಿಂದ ಕೆಡುವುದು ಏನೂ ಉಳಿದಿಲ್ಲ. ಕನ್ನಡಕ ಹಾಕಿಕೊಂಡು ಓದಿದ. ನಾನು ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತೆ. ಕೊನೆಯ ಹಾಳೆ ಮಗುಚಿ ತುಂಬ ಹೊತ್ತು ಕನ್ನಡಕ ಒರೆಸಿದ.

'ಇಷ್ಟು ವರ್ಷ ನಾನು ಒಗಳ್ತಿದ್ದುದ್ನ ಕೇಳ್ಕಂಡು ಕೂತಿದ್ದೆಯಲ್ಲಕ್ಕಾ' ಎಂದ.

'ಹೂಂ.'

'ಒಂದ್ಸಲಾನೂ ಗಂಟಲಲ್ಲಿ ಸಿಕ್ಕಾಕೊಳ್ಳಿಲ್ವಾ ಕಾಫಿ?'

ಹೊರಗೆ ಅವನ ಮಗ ಸೈಕಲ್ಲಿಗೆ ಗಾಳಿ ಹಾಕುವ ಸದ್ದು ಕೇಳುತ್ತಿತ್ತು. ಅದು ನಿಂತ ಮೇಲೆ ಸಿದ್ದ ಕೇಳಿದ, 'ಆ ಅರಕಲಗೂಡಿನ ಉಡುಗಿ ಇಮ್ಮಡಿ ಏನಾಯ್ತು?'

'ವಾಸಿ ಆಯ್ತು. ನಡ್ಕಂಡೇ ಊರಿಗೋದ್ಲು. ಆದ್ರೆ ಅಲ್ಲಿ ಕಲೆ ಗಡುಸಾಗಿತ್ತು, ಚಪ್ಪಲಿ ಉಜ್ತಿತ್ತು. ಬರಿಗಾಲಲ್ಲಿ ಓದ್ಲು.'

'ಅದ ಬರ್ದಿಲ್ಲ ನೀನು.'

'ಇಲ್ಲ.'

'ನನ್ ಮಂಡಿ ಬರ್ದಿದ್ದೀಯ. ಅವಳ್ದೂ ಬರಿ' ಎಂದು ಹಾಳೆಗಳನ್ನು ನನ್ನ ಕಡೆ ಚಾಚಿದ.

ಬರೆದಿದ್ದೇನೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಸಿದ್ದ ಎಡಗಾಲನ್ನು ಎರಡು ಕೈಯಲ್ಲೂ ಎತ್ತಿ ಹಿಡಿದು, ಮಂಡಿಯ ಕೆಳಗಿನ ದಿಂಬನ್ನು ಎಳೆದು, ನನ್ನ ಮಡಿಲಿಗೆ ಹಾಕಿದ.

'ಬೆನ್ನಿಗೆ ಇಕ್ಕೊ. ಗೋಡೆ ತಣ್ಗೈತೆ.'